ಮನೆಯಂಗಳದಲ್ಲಿ ಓಟದ ಕಾರು

ಹಂಪೆಗೆ ಹೋದವರು ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡದೆ ಹಿಂದಿರುಗುವುದಿಲ್ಲ. ರಥಕ್ಕಿರಬೇಕಾದ ಚಕ್ರ, ಅಚ್ಚು ಎಲ್ಲವೂ ಅದಕ್ಕಿವೆ. ಆದರೆ ಅದು ಓಡಲೆಂದು ಕಟ್ಟಿದುದಲ್ಲ. ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿ ನಿಲ್ಲಿಸಿದ ಆ ರಥಕ್ಕೆ ಭಾರವೇ ಶೋಭೆ. ಅಲ್ಲಿಂದ ಸ್ವಲ್ಪ ದೂರ ನಡೆದು ತುಂಗಭದ್ರೆಯ ದಡಕ್ಕೆ ಬಂದರೆ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ವಾಹನ ಕಣ್ಣಿಗೆ ಬೀಳುತ್ತದೆ. ಅದು ಹರಿಗೋಲು. ಬಿದಿರಿನ ಸೀಳುಗಳಿಂದ ಹೆಣೆದ ಅಗಲವಾದ ಬುಟ್ಟಿ. ಅದರ ಹೊರಮೈಗೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಇಂತಹ ದುಂಡು ದೋಣಿಯಲ್ಲಿ ಹದಿನೈದಿಪ್ಪತ್ತು ಜನರು ಹೊಳೆ ದಾಟಬಲ್ಲರೆಂದು ಬರೆದಿಟ್ಟಿದ್ದಾನೆ. ಹೊಳೆ ದಾಟಿದ ಮೇಲೆ ಚಿಕ್ಕ ಹರಿಗೋಲಾದರೆ ಅಂಬಿಗನೊಬ್ಬನೇ ಅದನ್ನು ತಲೆಯ ಮೇಲೆ ಕವುಚಿಕೊಂಡು ನಡೆದುಬಿಡುತ್ತಾನೆ.

ತನ್ನ ತೂಕಕ್ಕಿಂತ ಹಲವು ಪಟ್ಟು ಭಾರವನ್ನು ಹೊರುವ ಈ ಬುಟ್ಟಿಯನ್ನು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ಪಂದ್ಯದ ಕಾರನ್ನು ಮನೆಯ ಹಿತ್ತಿಲಲ್ಲಿಯೇ ಕಟ್ಟುವ ಹವ್ಯಾಸವೊಂದು ಎಪ್ಪತ್ತು ವರ್ಷಗಳಿಗೂ ಮಿಕ್ಕು ಇಂಗ್ಲೆಂಡಿನಲ್ಲಿ ನಡೆದುಬಂದಿದೆ. ಆ ಕಾರಿನ ಮರ್ಮವೂ ಹರಿಗೋಲಿನ ಮರ್ಮವೂ ಒಂದೇ. ಅದೇನೆಂಬುದನ್ನು ವಿಚಾರಿಸೋಣ.

ಕೊಟ್ಟಿಗೆಯಲ್ಲಿ ಹುಟ್ಟಿದ ಕಾರು

ಲಂಡನಿನಲ್ಲಿ ಕಾಲಿನ್ ಚಾಪ್‌ಮನ್ ಎಂಬ ತರುಣನಿದ್ದನು. ಅವನು ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಕಟ್ಟಡ, ಸೇತುವೆಗಳ ರಚನಾಶಾಸ್ತ್ರವನ್ನು. ೧೯೪೮ರಲ್ಲಿ ಅವನು, ಮುಂದೆ ತನ್ನ ಪತ್ನಿಯಾದ ಹೇಜಲಳ ತಂದೆತಾಯಿಗಳ ಮನೆಯ ಹಿಂದಿದ್ದ ಕೊಟ್ಟಿಗೆಯಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ, ಸ್ಪರ್ಧೆಗೆ ಒದಗುವ ತನ್ನ ಮೊದಲ ಕಾರನ್ನು ಮಾಡಿದನು. ೧೯೫೨ರಲ್ಲಿ ಲೋಟಸ್ ಕಂಪನಿ ಆರಂಭವಾಯಿತು. ೧೯೫೭ರಲ್ಲಿ ಅದು ಹೊರತಂದ ‘ಲೋಟಸ್ ಸೆವೆನ್’ ಕಾರಿಗೆ ಬಾಗಿಲಿಲ್ಲ, ಚಾವಣಿಯಿಲ್ಲ. ಇಬ್ಬರು ಕುಳಿತುಕೊಳ್ಳುವಷ್ಟೇ ಸ್ಥಳ. ಪೂರ್ತಿ ತಯಾರಾದ ಕಾರಿಗೆ ಅಂದಿನ ಇಂಗ್ಲೆಂಡಿನಲ್ಲಿ ಖರೀದಿ ತೆರಿಗೆ ಕೊಡಬೇಕಾಗಿದ್ದಿತು. ಬಿಡಿಭಾಗಗಳಾಗಿ ಕೊಂಡರೆ ಆ ತೆರಿಗೆಯಿಲ್ಲ. ಆದುದರಿಂದ ಜನರು ಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿಕೊಂಡರು. ೧೯೭೩ರಲ್ಲಿ ಈ ಕಾರಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ೧೯೯೬ರಲ್ಲಿ ರಾನ್ ಚಾಂಪಿಯನ್ ಎಂಬವನು, ಹಳೆಯ ಕಾರಿನ ಭಾಗಗಳಿಂದ ೨೫೦ ಪೌಂಡುಗಳಷ್ಟು ಕಡಿಮೆ ಖರ್ಚಿನಲ್ಲಿ ಇದೇ ಬಗೆಯ ಕಾರನ್ನು ಕಟ್ಟುವ ವಿಧಾನವನ್ನು ಪುಸ್ತಕ ರೂಪದಲ್ಲಿ ಪ್ರಕಟಿಸಿದ ಮೇಲೆ, ಈ ವಿದ್ಯೆ ಸಾಮಾನ್ಯರ ಕೈಗೂ ಬಂದಿತು.

ಹಗುರವಾದರೆ ಲಾಭವೇನು?

ಮೊದಲ ಲೋಟಸ್ ಸೆವೆನ್ ಕಾರಿನ ಎಂಜಿನು ೧೧೭೨ ಘನ ಸೆಂಟಿಮೀಟರಿನದು. ಅದರ ಶಕ್ತಿ ೪೦ ಅಶ್ವಸಾಮರ್ಥ್ಯ ಮಾತ್ರ. ನಮ್ಮ ದೇಶದವರೆಲ್ಲರೂ ಬಲ್ಲ ಅಂಬಾಸಡರ್ ಕಾರಿನ ೧೪೮೯ ಘನ ಸೆಂಟಿಮೀಟರಿನ ಎಂಜಿನು ಸುಮಾರು ೫೫ ಅಶ್ವಸಾಮರ್ಥ್ಯದ್ದು. ಹಾಗಾದರೆ ಅಂಬಾಸಡರೇ ಮುಂದಾಗಬೇಕಲ್ಲವೇ? ಆಗುವುದಿಲ್ಲ. ಅಂಬಾಸಡರಿನ ತೂಕ ಸುಮಾರು ೧೧೦೦ ಕಿಲೋಗ್ರಾಂ. ಸೆವೆನ್ ಕಾರಿನದು ಸುಮಾರು ೫೦೦. ಒಂದು ಟನ್ ತೂಕಕ್ಕೆ ಲೆಕ್ಕ ಹಾಕಿದರೆ ಅಂಬಾಸಡರಿಗೆ ೫೦, ಸೆವೆನ್ನಿಗೆ ೮೦ ಅಶ್ವಸಾಮರ್ಥ್ಯ ದೊರೆಯುತ್ತದೆ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಬರುವುದೆಂಬ ನ್ಯೂಟನನ ನಿಯಮವೇ ಇಲ್ಲಿ ಕೆಲಸ ಮಾಡುವುದು.

ಇದು ಓಡುವ ಮಾತಾಯಿತು; ನಿಲ್ಲುವ ಮಾತೇನು? ಗಂಟೆಗೆ ೯೦ ಕಿಲೋಮೀಟರ್, ಎಂದರೆ ಸೆಕೆಂಡಿಗೆ ೨೫ ಮೀಟರ್ ವೇಗದಲ್ಲಿ ಓಡುತ್ತಿರುವ ೧೧೦೦ ಕಿಲೋಗ್ರಾಂ ಕಾರಿನಲ್ಲಿ ೩,೪೩,೭೫೦ ಜೂಲ್ ಚಲನಶಕ್ತಿಯಿರುತ್ತದೆ. ೫೦೦ ಕಿಲೋಗ್ರಾಂ ಕಾರಿನಲ್ಲಿರುವುದು ೧,೫೬,೨೫೦ ಜೂಲ್. ಕಾರು ನಿಲ್ಲಬೇಕಾದರೆ ಈ ಶಕ್ತಿಯಲ್ಲಿ ಬಹುಭಾಗವು ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಪಂದ್ಯದಲ್ಲಿ ಪ್ರತಿಯೊಂದು ತಿರುವಿಗೂ ಬ್ರೇಕು ಹಾಕಬೇಕಾಗಿರುವುದರಿಂದ ಭಾರದ ಕಾರಿನ ಬ್ರೇಕು ಬೇಗ ಕಾದು ಸೋಲುತ್ತದೆ. ಹಗುರ ಕಾರಿನದು ಬಹಳ ಹೊತ್ತು ತಾಳುತ್ತದೆ.

ತಿರುವಿನ ವಿಷಯ ಇನ್ನೂ ಸ್ವಾರಸ್ಯವಾದುದು. ತೂಕ ಹೆಚ್ಚಿದಂತೆ ಕಾರನ್ನು ತಿರುಗಿಸಲು ಬೇಕಾದ ಬಲವೂ ಹೆಚ್ಚುತ್ತದೆ, ಟೈರಿನ ಹಿಡಿತವೂ ಹೆಚ್ಚುತ್ತದೆ. ಎರಡಕ್ಕೂ ಸರಿಹೋಗಬೇಕಲ್ಲವೇ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಪಠ್ಯಪುಸ್ತಕದ ಘರ್ಷಣ ನಿಯಮದಂತೆ ಅದು ಸರಿಯೇ. ಆದರೆ ರಬ್ಬರು ಆ ನಿಯಮಕ್ಕೆ ಪೂರ್ತಿಯಾಗಿ ಒಳಪಡುವುದಿಲ್ಲ. ಟೈರಿನ ಮೇಲಿನ ಭಾರ ಎರಡರಷ್ಟಾದರೆ ಅದರ ಹಿಡಿತ ಎರಡರಷ್ಟಕ್ಕಿಂತ ತುಸು ಕಡಿಮೆಯಾಗಿಯೇ ಉಳಿಯುತ್ತದೆ. ಈ ತುಸು ಕೊರತೆಯಿಂದಲೇ, ಟೈರುಗಳು ಸಮವಾಗಿದ್ದರೆ, ಹಗುರ ಕಾರು ತಿರುವಿನಲ್ಲಿ ಮುಂದಾಗುತ್ತದೆ.

ತ್ರಿಕೋನದ ಮಹಿಮೆ

ತೂಕವನ್ನು ಇಳಿಸುವುದೆಂದರೆ ಲೋಹವನ್ನು ಎಲ್ಲೆಂದರಲ್ಲಿ ಕೆರೆದು ತೆಗೆಯುವುದಲ್ಲ. ಭಾರ ಹರಿಯುವ ದಾರಿಯಲ್ಲಿ ಮಾತ್ರ ಲೋಹವನ್ನಿಡುವುದು. ನಾಲ್ಕು ಬಿದಿರಿನ ಸೀಳುಗಳ ತುದಿಗಳನ್ನು ಮೊಳೆಯಿಂದ ಸಡಿಲವಾಗಿ ಜೋಡಿಸಿ ಚೌಕವನ್ನು ಮಾಡಿರಿ. ಮೂಲೆಯನ್ನು ಹಿಡಿದು ಒತ್ತಿದರೆ ಅದು ಓರೆಯಾಗುತ್ತದೆ. ಈಗ ಮೂಲೆಯಿಂದ ಮೂಲೆಗೆ ಐದನೆಯ ಸೀಳೊಂದನ್ನು ಜೋಡಿಸಿರಿ. ಎಷ್ಟು ಒತ್ತಿದರೂ ಕದಲದು. ಚೌಕವು ಎರಡು ತ್ರಿಕೋನಗಳಾಗಿ ಒಡೆದುದೇ ಇದಕ್ಕೆ ಕಾರಣ. ತ್ರಿಕೋನದ ಭುಜಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗಲಾರದು. ಸೇತುವೆ ಕಟ್ಟುವವರ ಈ ವಿದ್ಯೆಯನ್ನೇ ಚಾಪ್‌ಮನ್ ಕಾರಿನ ಚೌಕಟ್ಟಿಗೆ ತಂದನು.

ಚೌಕಟ್ಟಿಗೆ ಸಾಮಾನ್ಯವಾಗಿ ೨೫ ಮಿಲಿಮೀಟರ್ ಚೌಕದ, ೧.೬ ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯನ್ನು ಬಳಸುವರು. ಅದರ ಒಂದು ಮೀಟರಿನ ತೂಕ ಸುಮಾರು ೧.೨ ಕಿಲೋಗ್ರಾಂ. ಅದೇ ಅಳತೆಯ ಗಟ್ಟಿ ಸಲಾಕೆ ಮೀಟರಿಗೆ ೪.೯ ಕಿಲೋಗ್ರಾಂ ತೂಗುತ್ತದೆ. ಕೊಳವೆಯ ತೂಕ ಸಲಾಕೆಯ ಕಾಲುಭಾಗದಷ್ಟೇ. ಆದರೆ ಬಾಗದೆ ನಿಲ್ಲುವ ಬಿಗುವು ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಬಾಗುವಾಗ ಹೊರಮೈಗೆ ಶ್ರಮ ಹೆಚ್ಚು, ನಡುವಿಗೆ ಕಡಿಮೆ. ಆದುದರಿಂದ ನಡುವಿನ ಲೋಹವನ್ನು ಬಿಟ್ಟರೂ ನಷ್ಟ ಸ್ವಲ್ಪವೇ. ಬಿದಿರು ಟೊಳ್ಳಾಗಿ ಬೆಳೆದರೂ ಗಾಳಿಗೆ ಮುರಿಯದಿರುವುದು ಇದರಿಂದಲೇ.

ಆದರೆ ಕುಳಿತುಕೊಳ್ಳುವ ಸ್ಥಳಕ್ಕೆ ಅಡ್ಡಲಾಗಿ ಕೊಳವೆಯನ್ನು ಹಾಕುವುದು ಸಾಧ್ಯವಿಲ್ಲ. ಮುಚ್ಚಳವಿಲ್ಲದ ಕಾಗದದ ಪೆಟ್ಟಿಗೆಯನ್ನು ತಿರುಚಿ ನೋಡಿರಿ, ಸುಲಭವಾಗಿ ಸೊಟ್ಟಗಾಗುತ್ತದೆ. ಈ ದೌರ್ಬಲ್ಯವನ್ನು ನೀಗಲು ಕಾರಿನ ನೆಲಕ್ಕೂ ಪಕ್ಕಗಳಿಗೂ ತೆಳುವಾದ ತಗಡನ್ನು ರಿವೆಟ್ಟುಗಳಿಂದ ಬಿಗಿಯುವರು. ಅಲ್ಯುಮಿನಿಯಮಿನ ಸಾಂದ್ರತೆ ಉಕ್ಕಿನ ಮೂರರಲ್ಲಿ ಒಂದು ಪಾಲು. ಆದುದರಿಂದ ಹೊದಿಕೆಗೆ ಅದೇ ಯೋಗ್ಯ. ಒಳಗೆ ಹೆಣಿಗೆ, ಹೊರಗೆ ತೆಳುವಾದ ಚರ್ಮ: ಹರಿಗೋಲೂ ಇದೇ ಅಲ್ಲವೇ?

ನಮ್ಮ ಹೊಸಪೇಟೆಯಲ್ಲಿ ಸಾಧ್ಯವೇ?

ಇಂಗ್ಲೆಂಡಿನ ಕೊಟ್ಟಿಗೆಯಲ್ಲಿ ಆದುದು ಇಲ್ಲಿ ಆಗದೇಕೆ? ಸಂಡೂರಿನ ಬೆಟ್ಟಗಳಲ್ಲಿ ಹೆಮಟೈಟ್ ಅದಿರಿದೆ; ಶುದ್ಧ ಹೆಮಟೈಟಿನ ತೂಕದಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕಬ್ಬಿಣ. ಹತ್ತಿರದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಿದೆ. ಅದಿರಿನ ಲಾರಿಗಳನ್ನೂ, ಕಂಪ್ಲಿಯ ಭತ್ತ ಕಬ್ಬುಗಳನ್ನು ಸಾಗಿಸುವ ಟ್ರ್ಯಾಕ್ಟರುಗಳನ್ನೂ ದುರಸ್ತಿ ಮಾಡುವ, ಬೆಸುಗೆಯಲ್ಲಿ ಪಳಗಿದ ಕೈಗಳು ಈ ಸೀಮೆಯಲ್ಲಿವೆ. ಎಂಜಿನು ಮುಂದೆ, ಚಾಲನೆ ಹಿಂದಿನ ಚಕ್ರಕ್ಕೆ ಎಂಬ ಹಳೆಯ ಕ್ರಮಕ್ಕೆ ೧೯೮೪ರಿಂದ ೨೦೧೯ರ ವರೆಗೆ ತಯಾರಾದ, ಓಮ್ನಿ ಎಂದು ಹೆಸರಾದ ಮಾರುತಿ ವ್ಯಾನಿನ ೭೯೬ ಘನ ಸೆಂಟಿಮೀಟರಿನ ಎಂಜಿನು, ಗೇರುಪೆಟ್ಟಿಗೆ, ಹಿಂದಿನ ಅಚ್ಚುಗಳು ಒದಗಬಲ್ಲವು.

ಇದು ಬರಿಯ ಕಲ್ಪನೆಯಲ್ಲ. ೧೯೮೦ರ ದಶಕದಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿ ೮೦೦ ಕಾರಿನ ಎಂಜಿನನ್ನು ಬಳಸಿ ಒಬ್ಬನೇ ಕೂರುವ ಪಂದ್ಯದ ಕಾರುಗಳನ್ನು ಕಟ್ಟಿಸಿದರು. ದೇಶದ ಅನೇಕ ತರುಣ ಚಾಲಕರು ಅವುಗಳಲ್ಲಿಯೇ ಪಳಗಿದರು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ‘ಅಶ್ವ ರೇಸಿಂಗ್’ ತಂಡವು ೨೦೦೩ರಿಂದ ಇಂತಹ ಕಾರುಗಳನ್ನು ತಾನೇ ರಚಿಸಿ ಸ್ಪರ್ಧೆಗೆ ಒಯ್ಯುತ್ತ ಬಂದಿದೆ.

ಎಲ್ಲಿ ತೂಕ ಇಳಿಸಬಾರದು?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ೧೯೬೦ರಲ್ಲಿ ಬೆಲ್ಜಿಯಮಿನ ಸ್ಪಾ ಎಂಬಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಪ್ರಸಿದ್ಧ ಚಾಲಕ ಸ್ಟರ್ಲಿಂಗ್ ಮಾಸ್ ಅವರ ಲೋಟಸ್ ಕಾರಿನ ಹಿಂದಿನ ಚಕ್ರವೊಂದು ಕಳಚಿಹೋಯಿತು. ಅವರ ಎರಡೂ ಕಾಲುಗಳು ಮುರಿದುವು. ಚಕ್ರವನ್ನು ಹಿಡಿದಿಡುವ ಒಂದು ಭಾಗ ಸೋತರೆ, ಉಳಿದ ನೂರು ಭಾಗಗಳ ಜಾಣತನದಿಂದ ಪ್ರಯೋಜನವಿಲ್ಲ. ಆದುದರಿಂದ ಬ್ರೇಕು, ಸ್ಟಿಯರಿಂಗ್, ಚಕ್ರದ ಅಚ್ಚು, ಸೊಂಟ ಹೆಗಲುಗಳ ಪಟ್ಟಿ, ಕಾರು ಮಗುಚಿದಾಗ ತಲೆಯನ್ನು ಕಾಯುವ ಉಕ್ಕಿನ ಕಮಾನು, ಇವುಗಳಲ್ಲಿ ಒಂದು ಗ್ರಾಂ ಉಳಿಸುವ ಆಸೆಯನ್ನೂ ಇಟ್ಟುಕೊಳ್ಳಬಾರದು. ಇವುಗಳ ಬೆಸುಗೆಯನ್ನು ಅನುಭವಸ್ಥನೇ ಮಾಡತಕ್ಕದ್ದು. ಸತುವಿನ ಲೇಪವಿರುವ ಕೊಳವೆಯನ್ನು ಬೆಸೆಯುವಾಗ ಏಳುವ ಹೊಗೆ ಜ್ವರ ತರುವಂತಹುದು. ಪೆಟ್ರೋಲು ತುಂಬಿದ್ದ ತೊಟ್ಟಿಯ ಬಳಿಗಂತೂ ಬೆಸುಗೆಯ ಉರಿಯನ್ನು ಒಯ್ಯಲೇಬಾರದು.

ಇನ್ನೊಂದು ಎಲ್ಲೆಯೂ ಇದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಹೊಸ ಮಾದರಿಯ ವಾಹನ ರಸ್ತೆಗಿಳಿಯುವ ಮುನ್ನ ಅಂಗೀಕೃತ ಸಂಸ್ಥೆಯಲ್ಲಿ ಅದರ ಪರೀಕ್ಷೆಯಾಗಬೇಕು. ಮನೆಯಲ್ಲಿ ಕಟ್ಟಿದ ಕಾರಿಗೆ ಸಾರ್ವಜನಿಕ ರಸ್ತೆಯಲ್ಲಿ ಅಧಿಕಾರವಿಲ್ಲ. ನಿಯಮವನ್ನು ಹಳಿಯುವ ಮೊದಲು ಹೊಸಪೇಟೆ–ಸಂಡೂರು ದಾರಿಯನ್ನು ನೆನೆಯಿರಿ. ಸೊಂಟದೆತ್ತರವೂ ಇಲ್ಲದ ಕಾರು ಅದಿರು ತುಂಬಿದ ಲಾರಿಯ ಪಕ್ಕದಲ್ಲಿ ಬಂದರೆ ಲಾರಿಯವನಿಗೆ ಅದು ಕಾಣುವುದೇ ಇಲ್ಲ. ಈ ಕಾರಿನ ಸ್ಥಳ ಮುಚ್ಚಿದ ಪಂದ್ಯದ ಪಥ: ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಇಲ್ಲವೆ ೧೯೯೫ರಲ್ಲಿ ತೀರಿಕೊಂಡ ಕರಿವರ್ಧನ್ ಅವರ ಹೆಸರನ್ನು ಹೊತ್ತ ಕೊಯಮತ್ತೂರಿನ ಪಥ. ಅಲ್ಲಿಯೂ ಪರೀಕ್ಷಕರು ಕಾರನ್ನು ತಪಾಸಣೆ ಮಾಡಿ ಒಪ್ಪಿದ ಮೇಲೆಯೇ ಓಡಿಸಲು ಬಿಡುವರು.

ಎಲ್ಲಿಂದ ಆರಂಭಿಸಬೇಕು?

ಕೊಳವೆಯನ್ನು ಕೊಯ್ಯುವುದಕ್ಕಿಂತ ಮೊದಲು ಬಿದಿರಿನ ಸೀಳು, ದಾರ, ಅಂಟುಗಳಿಂದ ಹತ್ತರಲ್ಲೊಂದು ಅಳತೆಯ ಚೌಕಟ್ಟನ್ನು ಮಾಡಿರಿ. ಹಿಂದಿನ ತುದಿಯನ್ನು ಮೇಜಿಗೆ ಬಿಗಿದು, ಮುಂದಿನ ಒಂದು ಮೂಲೆಗೆ ತೂಕವನ್ನು ತೂಗುಹಾಕಿ, ಎಷ್ಟು ತಿರುಚಿತೆಂಬುದನ್ನು ಅಳೆಯಿರಿ. ಒಂದೊಂದೇ ಸೀಳನ್ನು ತೆಗೆದು ಮತ್ತೆ ಅಳೆಯಿರಿ. ಯಾವುದನ್ನು ತೆಗೆದರೆ ಚೌಕಟ್ಟು ಸೋಲುತ್ತದೆ, ಯಾವುದನ್ನು ತೆಗೆದರೂ ತಾಳುತ್ತದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡಿರಿ. ಕಂಪ್ಲಿಯ ಕಡೆ ಹೋದಾಗ ಹರಿಗೋಲು ಹೆಣೆಯುವವನ ಬಳಿ ಸ್ವಲ್ಪ ಹೊತ್ತು ಕುಳಿತು, ಯಾವ ಸೀಳನ್ನು ಎಲ್ಲಿ, ಏಕೆ ಹಾಕಿದನೆಂದು ಕೇಳಿರಿ. ಉಕ್ಕನ್ನು ಕೊಳ್ಳುವುದು ಅದಾದ ಮೇಲಿನ ಕೆಲಸ.