ಮೊದಲು ಯಂತ್ರ ಬೂಟ್ ಆಗಲಿ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಪುಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್‌-ಇನ್ ಕೆಲಸಕ್ಕೆ ಪೆಟ್ಟು ಬಿತ್ತು. ಕಾರಣವೇನೋ ಸೂಕ್ಷ್ಮವೇ: ಕಂಪನಿಯ ಪ್ರೋಗ್ರಾಂ ಒದಗಿಸುತ್ತಿದ್ದುದು 20 ಮಾಹಿತಿ, ಅಪ್‌ಡೇಟ್‌ನಲ್ಲಿ ಬಂದ ಹೊಸ ಫೈಲ್ ಕೇಳಿದ್ದು 21ನೆಯದನ್ನು, ಇಲ್ಲದ ಮೆಮೊರಿಗೆ ಕೈಹಾಕಿ ಯಂತ್ರವೇ ಕುಸಿಯಿತು. ಪರಿಣಾಮ ಮಾತ್ರ ಕುರುಡನಿಗೂ ಕಾಣುವಂಥದ್ದು. ಆ ಫೈಲನ್ನು ತಮ್ಮದೇ ಒಂದು ವಿಂಡೋಸ್ ಯಂತ್ರಕ್ಕೆ ಹಾಕಿ, ಅದು ಬೂಟ್ ಆಗುತ್ತದೆಯೇ ಎಂದು ನೋಡಿದ್ದರೂ ಸಾಕಿತ್ತು. ಕಂಪನಿ ನೆಚ್ಚಿದ್ದು ಫೈಲ್ ಪರಿಶೀಲಿಸುವ ಇನ್ನೊಂದು ಪ್ರೋಗ್ರಾಂ ಅನ್ನು, ಅದರಲ್ಲೇ ದೋಷವಿತ್ತು. ಹೊಸ ಬಿಲ್ಡ್, ಅಂದರೆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ, ಸಿದ್ಧವಾದೊಡನೆ ಮಾಡುವ ಚುಟುಕು ಪರೀಕ್ಷೆಯೇ ಸ್ಮೋಕ್ ಟೆಸ್ಟ್; ಅದು ಕೇಳುವುದು ಇಂಥ ಒರಟು ಪ್ರಶ್ನೆಗಳನ್ನೇ: ಆ್ಯಪ್ ತೆರೆಯುತ್ತದೆಯೇ, ಲಾಗಿನ್ ಆಗುತ್ತದೆಯೇ, ಡೇಟಾಬೇಸ್ ಉತ್ತರ ಕೊಡುತ್ತದೆಯೇ?

ಆಳದ ದೋಷಗಳು ಇದರಲ್ಲಿ ಸಿಗುವುದಿಲ್ಲವಲ್ಲ ಎಂಬ ಆಕ್ಷೇಪ ನಿಜ, ಆದರೆ ಅದು ಇದರ ಕೆಲಸವೂ ಅಲ್ಲ. ಲಾಗಿನ್ನೇ ಕೆಟ್ಟಿರುವ ಬಿಲ್ಡ್ ಮೇಲೆ ಗಂಟೆಗಟ್ಟಲೆ ಪರೀಕ್ಷೆ ಓಡಿಸಿದರೆ ಒಂದೇ ಕಾರಣಕ್ಕೆ ನೂರಾರು ಟೆಸ್ಟ್‌ಗಳು ಸೋಲುತ್ತವೆ; ಆ ರಾಶಿಯಲ್ಲಿ ಬೇರೆ ದೋಷಗಳು ಕಾಣುವುದೇ ಇಲ್ಲ. ಪಾಸಾದರೆ ಹುಸಿ ಧೈರ್ಯ ಬರುತ್ತದೆ ಎಂಬ ಭಯವೂ ಸರಿಯೇ. ಅದಕ್ಕೆಂದು ಕಂಡದ್ದನ್ನೆಲ್ಲ ಇದರೊಳಗೆ ತುರುಕಿದರೆ ಐದು ನಿಮಿಷದ್ದು ಒಂದು ಗಂಟೆಯಾಗುತ್ತದೆ, ಆಮೇಲೆ ಅವಸರದ ದಿನ ಎಲ್ಲರೂ ಬಿಡುವುದು ಇದನ್ನೇ. (ಅವಸರವಿಲ್ಲದ ದಿನ ಯಾವ ತಂಡಕ್ಕಿದೆಯೋ!) ಕ್ರೌಡ್‌ಸ್ಟ್ರೈಕ್ ಆ ಅಪ್‌ಡೇಟನ್ನು ಹಂತಹಂತವಾಗಿ ಬಿಡುಗಡೆ ಮಾಡಿದ್ದರೆ ಸಾಲದಿತ್ತೇ ಎನ್ನುವವರಿದ್ದಾರೆ. ನಷ್ಟ ಖಂಡಿತ ತಗ್ಗುತ್ತಿತ್ತು. ಆದರೆ ಮೊದಲು ಕುಸಿಯುವ ಯಂತ್ರಗಳು ಆಗಲೂ ಗ್ರಾಹಕರವೇ.