ಕಾಂಡ್ಲಾ ಕಾಡಿನ ಕೆಸರಿನಲ್ಲಿ ಸೇರುವ ಎಣ್ಣೆಯೂ ಅದರ ಮೂಲವನ್ನು ಗೊತ್ತುಮಾಡುವ ಕ್ರಮವೂ

ಸಮುದ್ರತೀರದ ಕಾಂಡ್ಲಾ ಕಾಡುಗಳಿಂದಾಗುವ ಪ್ರಯೋಜನವು ಕರಾವಳಿಯ ರೈತರಿಗೆ ತಿಳಿಯದ ವಿಷಯವಲ್ಲ. ಅವು ಅಲೆಗಳ ಹೊಡೆತವನ್ನು ತಡೆಯುತ್ತವೆ. ಮೀನು, ಸಿಗಡಿ, ಏಡಿಗಳ ಮರಿಗಳಿಗೆ ಆಶ್ರಯವಾಗಿವೆ. ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಗದ್ದೆಗಳ ಕಟ್ಟೆಗಳಿಗೂ ಈ ಗಿಡಗಳು ಆಸರೆ. ಇಂಥ ಕಾಡಿನ ಕೆಸರಿಗೆ ಎಣ್ಣೆಯು ಸೇರಿದರೆ ಆಗುವ ನಷ್ಟವು ಒಂದೆರಡು ವರ್ಷಗಳಲ್ಲಿ ತೀರತಕ್ಕದ್ದಲ್ಲ.

ಇದಕ್ಕೆ ಮಧ್ಯ ಅಮೆರಿಕದ ಪನಾಮಾ ದೇಶದ ನಿದರ್ಶನವು ಸಾಕು. ಅಲ್ಲಿಯ ಬಹಿಯಾ ಲಾಸ್ ಮಿನಾಸ್ ಎಂಬ ಕೊಲ್ಲಿಯ ದಡದಲ್ಲಿ ೧೯೮೬ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಎಣ್ಣೆ ಶುದ್ಧೀಕರಣ ಕಾರ್ಖಾನೆಯೊಂದರ ತೊಟ್ಟಿಯು ಒಡೆದು, ೮೦ ಲಕ್ಷ ಲೀಟರಿಗೆ ಕಡಮೆಯಿಲ್ಲದಷ್ಟು ಕಚ್ಚಾ ಎಣ್ಣೆಯು ಹರಿಯಿತು. ಸುಮಾರು ೭೦ ಹೆಕ್ಟೇರ್, ಎಂದರೆ ೧೭೦ ಎಕರೆಗಳಷ್ಟು ಕಾಂಡ್ಲಾ ಕಾಡು ಸತ್ತುಹೋಯಿತು. ಐದು ವರ್ಷಗಳ ಮೇಲೂ ಕೆಸರಿನಿಂದ ಎಣ್ಣೆಯು ಒಸರುತ್ತಿತ್ತು. ಅದರ ವಿಷವು ಕನಿಷ್ಠ ೨೦ ವರ್ಷಗಳವರೆಗೆ ಉಳಿಯುವುದೆಂದು ಪರಿಶೋಧಕರು ಅಂದಾಜು ಮಾಡಿದರು. ಅದೇ ಪ್ರದೇಶದಲ್ಲಿ ೧೯೬೮ರಲ್ಲಿ ಹಡಗೊಂದು ಒಡೆದು ಬೇರೆ ಬಗೆಯ ಎಣ್ಣೆಯು ಚೆಲ್ಲಿತ್ತು.

ಎಣ್ಣೆಯು ಇಷ್ಟು ಕಾಲ ಉಳಿಯಲು ಕಾರಣವೇನೆಂದರೆ, ಅದು ಏಡಿಗಳ ಬಿಲಗಳ ಮೂಲಕ ಆಳಕ್ಕೆ ಇಳಿಯುತ್ತದೆ. ಅಲ್ಲಿ ಗಾಳಿಯಾಡದಿರುವುದರಿಂದ ಸೂಕ್ಷ್ಮಜೀವಿಗಳು ಅದನ್ನು ಬೇಗ ಕೊಳೆಯಿಸಲಾರವು. ಮೇಲೆ ಉಳಿದ ಎಣ್ಣೆಯು ಗಿಡಗಳ ಉಸಿರಾಟದ ಬೇರುಗಳ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಹೀಗಿರುವಲ್ಲಿ, ಕೆಸರಿನಲ್ಲಿರುವ ಎಣ್ಣೆಯು ಹಡಗಿನದೋ, ಮೀನು ದೋಣಿಯದೋ, ಯಂತ್ರ ದುರಸ್ತಿಯ ಅಂಗಡಿಯದೋ ಎಂಬುದನ್ನು ಹೇಗೆ ತಿಳಿಯಬೇಕು? ಬಣ್ಣ ವಾಸನೆಗಳನ್ನು ನಂಬಲಾಗದು. ಪ್ರಯೋಗಶಾಲೆಯಲ್ಲಿ ಗ್ಯಾಸ್ ಕ್ರೊಮೆಟೊಗ್ರಾಫ್, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಗಳಿಂದ ಎಣ್ಣೆಯ ಅಂಶಗಳನ್ನು ಬೇರ್ಪಡಿಸಿ ಮೂರು ವಿಷಯಗಳನ್ನು ನೋಡುತ್ತಾರೆ.

೧. ಗಿಡಗಳ ಎಲೆಯ ಮೇಣವೂ ಕೆಸರಿನಲ್ಲಿರುವುದು. ಅದರಲ್ಲಿ ೨೭, ೨೯, ೩೧ ಹೀಗೆ ಬೆಸ ಸಂಖ್ಯೆಯ ಇಂಗಾಲದ ಅಣುಗಳೇ ಹೆಚ್ಚು. ಭೂಮಿಯ ಎಣ್ಣೆಯಲ್ಲಿ ಬೆಸವೂ ಸಮವೂ ಹೆಚ್ಚು ಕಡಮೆ ಒಂದೇ ಪ್ರಮಾಣದಲ್ಲಿರುತ್ತವೆ.

೨. ಸೌದೆ, ಇಂಧನಗಳು ಉರಿದ ಮಸಿಯಲ್ಲಿರುವ ಅಂಶಗಳ ಪ್ರಮಾಣವು ಉರಿಯದ ಎಣ್ಣೆಯ ಪ್ರಮಾಣಕ್ಕಿಂತ ಭಿನ್ನವಾದುದು.

೩. ಪ್ರಾಚೀನ ಸೂಕ್ಷ್ಮಜೀವಿಗಳಿಂದ ಉಳಿದುಬಂದ ಹೋಪೇನ್ ಎಂಬ ಅಂಶಗಳು ಸುಲಭವಾಗಿ ಕೊಳೆಯವು. ಇವುಗಳ ಪರಸ್ಪರ ಪ್ರಮಾಣವು ಒಂದೊಂದು ಎಣ್ಣೆಯ ಬಾವಿಗೆ ಒಂದೊಂದು ವಿಧವಾಗಿರುವುದರಿಂದ, ಇದು ಹೆಬ್ಬೆಟ್ಟಿನ ಗುರುತಿನಂತೆ ಸಹಾಯಕವಾಗುತ್ತದೆ.

ಆದರೆ ಇಬ್ಬರು ಒಂದೇ ಕಡೆಯ ಎಣ್ಣೆಯನ್ನು ಕೊಂಡಿದ್ದರೆ ಈ ಗುರುತೊಂದರಿಂದಲೇ ತೀರ್ಮಾನವಾಗದು. ಆಗ ದಿನಾಂಕ, ಉಬ್ಬರವಿಳಿತ, ಹರಿವಿನ ದಿಕ್ಕುಗಳನ್ನೂ ಪರಿಶೀಲಿಸಬೇಕು.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಎಣ್ಣೆಯನ್ನು ಕಂಡ ದಿನವೇ ಸ್ಥಳ, ವೇಳೆ, ಉಬ್ಬರದ ಸ್ಥಿತಿಗಳನ್ನು ಬರೆದಿಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ತಿಳಿಸತಕ್ಕದ್ದು. ಅಧಿಕಾರಿಗಳು ಬರಲು ತಡವಾಗುವಂತಿದ್ದರೆ, ತೊಳೆದು ಒಣಗಿಸಿದ ಲೋಹದ ಚಮಚದಿಂದ ಮೇಲಿನ ಕೆಸರನ್ನೂ ಆಳದ ಕೆಸರನ್ನೂ ಬೇರೆ ಬೇರೆ ಗಾಜಿನ ಸೀಸೆಗಳಲ್ಲಿ ತುಂಬಿ, ಮುಚ್ಚಳದ ಕೆಳಗೆ ಅಲ್ಯುಮಿನಿಯಂ ಹಾಳೆಯನ್ನಿಟ್ಟು, ಬೆಳಕು ತಾಗದಂತೆ ಮಂಜುಗಡ್ಡೆಯಲ್ಲಿಡಬೇಕು. ಪ್ಲಾಸ್ಟಿಕ್ ಪಾತ್ರೆಗಳು ಕೂಡದು. ಅವುಗಳ ಅಂಶವು ಮಾದರಿಗೆ ಬೆರೆಯುತ್ತದೆ. ಎಣ್ಣೆ ತಾಗದ ದೂರದ ಕೆಸರಿನ ಮಾದರಿಯನ್ನೂ ಹೋಲಿಕೆಗಾಗಿ ತೆಗೆದಿರಿಸುವುದು ಅವಶ್ಯಕ.

ರೈತರು ತೆಗೆದ ಮಾದರಿಯು ತನಿಖೆಗೆ ದಾರಿ ತೋರಿಸುವುದೇ ಹೊರತು ಮೊಕದ್ದಮೆಗೆ ಸಾಲದು. ಕಾರ್ಖಾನೆಗಳ ಹೊಲಸು ನೀರಿನ ಮಾದರಿಯನ್ನು ೧೯೭೪ರ ಜಲಮಾಲಿನ್ಯ ಕಾಯಿದೆಯಂತೆ ಅಧಿಕಾರಿಗಳೇ ಕ್ರಮವರಿತು ತೆಗೆದಲ್ಲದೆ ನ್ಯಾಯಾಲಯವು ಅದರ ಪರೀಕ್ಷೆಯ ವರದಿಯನ್ನು ಒಪ್ಪುವುದಿಲ್ಲ. ಮೂಲವು ಗೊತ್ತಾಗುವುದಕ್ಕೆ ಮೊದಲು ನೆರೆಯ ದೋಣಿಯವರ ಮೇಲೆ ತಪ್ಪು ಹೊರಿಸಿದರೆ ಊರಿನಲ್ಲಿ ವೈರವು ಬೆಳೆಯುವುದಲ್ಲದೆ, ನಿಜವಾದ ಸೋರಿಕೆಯು ನಿಲ್ಲದೆ ಮುಂದುವರಿಯುವುದು.