ಬ್ಯಾನರ್ ಸಂಘದ್ದು, ಲೆಕ್ಕ ಯಾರದ್ದು?

ಪ್ರಶ್ನೆ: ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಸಂಘ ಸ್ವಂತ ದುಡ್ಡಿನಿಂದ ಅಭ್ಯರ್ಥಿಯೊಬ್ಬರ ಪರ ಬ್ಯಾನರ್ ಕಟ್ಟಿಸಬಹುದೇ?
– ಓದುಗರೊಬ್ಬರು, ಆಲಮೇಲ

ಉತ್ತರ: ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಒಪ್ಪಿಗೆ ಕೊಟ್ಟರೆ ಆ ಖರ್ಚು ಅವರ ಲೆಕ್ಕಕ್ಕೇ ಬೀಳುತ್ತದೆ. ನಿಮ್ಮ ಸಿಂದಗಿ ಕ್ಷೇತ್ರವೂ ಸೇರಿ ಕರ್ನಾಟಕದಲ್ಲಿ 2022ರಿಂದ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಒಪ್ಪಿಗೆಯಿಲ್ಲದೆ ಖರ್ಚು ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಪ್ರಕಾರ 10,000 ರೂಪಾಯಿವರೆಗೆ ದಂಡ. ಕರಪತ್ರ ಹಂಚುವುದಾದರೆ ಮುದ್ರಕರ, ಪ್ರಕಾಶಕರ ಹೆಸರು-ವಿಳಾಸ ಕಡ್ಡಾಯ.

ಅಮೆರಿಕದ ದಾರಿ ಬೇರೆ. 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪಿನ ಬಳಿಕ ಅಲ್ಲಿ ಅಭ್ಯರ್ಥಿಯೊಡನೆ ಕೈಜೋಡಿಸದ ಗುಂಪುಗಳು ಎಷ್ಟು ಬೇಕಾದರೂ ಸುರಿಯಬಹುದು. ನಮ್ಮಲ್ಲಿಯೂ ಒಂದು ಕಿಂಡಿ ಉಳಿದಿದೆ: ಮಿತಿ ಇರುವುದು ಅಭ್ಯರ್ಥಿಗೆ, ಪಕ್ಷಕ್ಕಲ್ಲ.